ವೇಷವೂ ಗುರುತೂ

ಹಳೆಯ ಚಲಚ್ಚಿತ್ರಗಳೂ ದೂರದರ್ಶನದ ಹಿಂದಿನ ಧಾರಾವಾಹಿಗಳೂ ಅಂಗೈಯ ಮೊಬೈಲಿನಲ್ಲಿಯೇ ದೊರೆಯುವಂತಾದ ಮೇಲೆ ನಮ್ಮ ಮನೆಗಳಲ್ಲಿ ಒಂದು ಹೊಸ ವಿನೋದವು ಬೆಳೆದುಬಂದಿದೆ. ಹಿರಿಯರೂ ಕಿರಿಯರೂ ಕೂಡಿ ಕುಳಿತು ಮೂವತ್ತು ನಲವತ್ತು ವರ್ಷಗಳ ಹಿಂದಿನ ಒಂದು ಚಿತ್ರವನ್ನು ನೋಡುತ್ತಿರುವಾಗ, ತೆರೆಯ ಮೂಲೆಯಲ್ಲಿ ಹಾದುಹೋದ ಒಂದು ಮುಖವನ್ನು ಕಂಡು ಯಾರಾದರೊಬ್ಬರು "ಇವರು ಅವರಲ್ಲವೇ!" ಎಂದು ಉದ್ಗರಿಸುತ್ತಾರೆ. ಕೂಡಲೇ ಕಥೆಯ ಮೇಲಿದ್ದ ಗಮನವು ಅತ್ತ ಸರಿದು, ಆ ನಟನನ್ನು ಮೊದಲು ಕಂಡದ್ದು ಎಲ್ಲಿ, ಆಗಿನ ಪಾತ್ರ ಯಾವುದು, ಆಗ ತಲೆಯಲ್ಲಿ ಕೂದಲು ಎಷ್ಟಿತ್ತು ಎಂಬ ಚರ್ಚೆ ಆರಂಭವಾಗುತ್ತದೆ. ಗೆದ್ದವರಿಗೆ ಬಹುಮಾನವೇನೂ ಇಲ್ಲದಿದ್ದರೂ ಗುರುತು ಹಿಡಿದವರ ಮುಖದಲ್ಲಿ ಒಂದು ತೃಪ್ತಿ ತೋರುತ್ತದೆ. ಈ ತೃಪ್ತಿ ಎಂಥದು? ಇದರಿಂದ ನಮಗಾಗಲಿ ಆ ನಟನಿಗಾಗಲಿ ಏನಾದರೂ ಪ್ರಯೋಜನವುಂಟೇ? ಒಬ್ಬ ಮನುಷ್ಯನನ್ನು ಗುರುತಿಸುವುದರಲ್ಲಿಯೂ ನ್ಯಾಯ ಅನ್ಯಾಯಗಳೆಂಬ ಭೇದವುಂಟೇ? ಇವನ್ನು ಕುರಿತು ಸ್ವಲ್ಪ ವಿಚಾರಮಾಡೋಣ.

ಉದಾಹರಣೆಗೆ ದೂರ ಹೋಗಬೇಕಾದುದಿಲ್ಲ. ೧೯೮೯ರಲ್ಲಿ ದೂರದರ್ಶನವು 'ಇಂದ್ರಧನುಷ್' ಎಂಬ ಹಿಂದೀ ಧಾರಾವಾಹಿಯನ್ನು ಪ್ರಸಾರಮಾಡಿತು. ಅದು ಮಕ್ಕಳಿಗಾಗಿ ರಚಿತವಾದ ವಿಜ್ಞಾನಕಲ್ಪನೆಯ ಕಥೆ. ಕಂಪ್ಯೂಟರ್ ಎಂಬುದು ನಮ್ಮಲ್ಲಿ ಬಹುಮಂದಿಗೆ ಬರಿಯ ಹೆಸರಾಗಿದ್ದ ಆ ಕಾಲದಲ್ಲಿ, ಅದನ್ನೂ ಕಾಲಯಾನವನ್ನೂ ಬಾಲಕರ ಸಾಹಸದೊಡನೆ ಹೆಣೆದಿದ್ದರು. ಅದರಲ್ಲಿ ಬಾಲನಾಯಕನ ತಂದೆಯಾಗಿ ಕಾಣಿಸಿಕೊಂಡವರು ಗಿರೀಶ ಕಾರ್ನಾಡರು. ಮುಂದೆ ಕೆಲವೇ ವರ್ಷಗಳಲ್ಲಿ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮವನ್ನು ದೂರದರ್ಶನದಲ್ಲಿ ನಿರೂಪಿಸಿದವರೂ ಅವರೇ. ಆದುದರಿಂದ ಆ ತಲೆಮಾರಿನ ಮಕ್ಕಳಿಗೆ ಅವರ ಮುಖವೆಂದರೆ ವಿಜ್ಞಾನದ ಮುಖವಾಗಿತ್ತು.

ಹಾಗೆ ಅವರನ್ನು ಬಲ್ಲ ಹುಡುಗನೊಬ್ಬನು ಹಿಂದಿನ ಚಿತ್ರಗಳ ಕಡೆಗೆ ಹೊರಟನೆಂದು ಭಾವಿಸಿರಿ. ಶಂಕರ್ ನಾಗರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಅದೇ ಮುಖವು ಬಾಲಕ ಸ್ವಾಮಿಯ ಕಟ್ಟುನಿಟ್ಟಿನ ತಂದೆಯಾಗಿ ಎದುರಾಗುತ್ತದೆ. ಇನ್ನೂ ಹಿಂದಕ್ಕೆ ಸರಿದರೆ ೧೯೭೬ರ 'ಮಂಥನ್'. ಗುಜರಾತಿನ ಐದು ಲಕ್ಷ ಹಾಲುಗಾರ ರೈತರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟ ಹಣದಿಂದ ಶ್ಯಾಮ್ ಬೆನಗಲ್ಲರು ನಿರ್ಮಿಸಿದ ಆ ಚಿತ್ರದಲ್ಲಿ ಅವರು ಸಹಕಾರ ಸಂಘವನ್ನು ಕಟ್ಟಲು ಹಳ್ಳಿಗೆ ಬಂದ ಪಶುವೈದ್ಯ. ೧೯೭೫ರ 'ನಿಶಾಂತ್'ದಲ್ಲಿ ಜಮೀನುದಾರನ ಮನೆಯವರು ಹೆಂಡತಿಯನ್ನು ಹೊತ್ತೊಯ್ದರೂ ಯಾವ ಬಾಗಿಲಲ್ಲಿಯೂ ನ್ಯಾಯ ದೊರೆಯದೆ ಅಲೆಯುವ ಬಡ ಶಾಲಾಮಾಸ್ತರ. ೧೯೭೦ರ 'ಸಂಸ್ಕಾರ'ದಲ್ಲಿ, ಅಗ್ರಹಾರದ ಹೆಣಕ್ಕೆ ಸಂಸ್ಕಾರಮಾಡುವವರು ಯಾರೆಂಬ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಸಿಕ್ಕದೆ ತಳಮಳಿಸುವ ಪ್ರಾಣೇಶಾಚಾರ್ಯ. ಮೊದಲು ಸೆನ್ಸಾರಿನವರಿಂದ ತಡೆಯಲ್ಪಟ್ಟು, ಕೊನೆಗೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದ ಚಿತ್ರ ಅದು. ಮುಂದಕ್ಕೆ ಬಂದರೆ ೧೯೯೪ರ ತಮಿಳು ಚಿತ್ರ 'ಕಾದಲನ್'ನಲ್ಲಿ ಆ ಪ್ರಾಣೇಶಾಚಾರ್ಯರೇ ದ್ರೋಹ ಬಗೆಯುವ ರಾಜ್ಯಪಾಲ! ಇಷ್ಟೆಲ್ಲವನ್ನೂ ಕಂಡ ಮೇಲೆ, 'ತುಘಲಕ್', 'ಹಯವದನ', 'ನಾಗಮಂಡಲ'ಗಳನ್ನು ಬರೆದು ೧೯೯೮ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರೂ ಇವರೇ ಎಂದು ಆ ಹುಡುಗನಿಗೆ ತಿಳಿದರೆ, ಅವನು ಮೊದಲು ಕಂಡ 'ಬಾಲಕನ ತಂದೆ'ಯು ಒಂದು ದೊಡ್ಡ ಮನೆಯ ಒಂದು ಕಿಟಕಿಯಷ್ಟೆ ಎಂಬುದು ಮನಸ್ಸಿಗೆ ಹತ್ತದಿರುವುದೇ?

ಇಂಥ ಗುರುತುಗಳು ಇನ್ನೂ ಎಷ್ಟೋ ಇವೆ. ೧೯೭೨ರ 'ನಾಗರಹಾವು' ಚಿತ್ರದ ರಾಮಾಚಾರಿಯಾಗಿ ವಿಷ್ಣುವರ್ಧನರು ಮನೆಮಾತಾದರು; ಅದಕ್ಕೆ ಒಂದು ವರ್ಷ ಮುಂಚೆಯೇ 'ವಂಶವೃಕ್ಷ'ದ ಒಂದು ಚಿಕ್ಕ ಪಾತ್ರದಲ್ಲಿ ಅವರು ಬಂದುಹೋಗಿದ್ದರು. ನಮ್ಮ ಜಿಲ್ಲೆಯ ಮಂಚಿಯವರಾದ ಬಿ. ವಿ. ಕಾರಂತರು ಶಿವರಾಮ ಕಾರಂತರ ಕಾದಂಬರಿಯಿಂದ ೧೯೭೫ರಲ್ಲಿ ತೆಗೆದ 'ಚೋಮನ ದುಡಿ'ಯಲ್ಲಿ ಚೋಮನಾದವರು ಎಂ. ವಿ. ವಾಸುದೇವರಾಯರು. ತುಂಡು ಭೂಮಿಯನ್ನು ತಾನೇ ಉತ್ತು ಬೆಳೆಯಬೇಕೆಂಬ ಒಂದೇ ಆಸೆಯಲ್ಲಿ ಬೆಂದುಹೋದ ಆ ಮುಖವನ್ನು ಕಂಡವರು, ೧೯೭೭ರಲ್ಲಿ ಮೃಣಾಲ್ ಸೇನರು ತೆಲುಗಿನಲ್ಲಿ ನಿರ್ಮಿಸಿದ 'ಒಕ ಊರಿ ಕಥಾ' ಚಿತ್ರದಲ್ಲಿ ಅದನ್ನೇ ಮತ್ತೆ ಕಂಡು ಬೆರಗಾಗಬೇಕು. ಅಲ್ಲಿ ಅವರು ವೆಂಕಯ್ಯ. ದುಡಿತವೆಲ್ಲ ಒಡೆಯನ ಹೊಟ್ಟೆಗೆ ಹೋಗುವುದಾದರೆ ದುಡಿಯುವುದೇ ಮೂರ್ಖತನವೆಂದು ನಂಬಿ ಕುಳಿತ ಮುದುಕ. ದುಡಿಯಲು ನೆಲ ಬೇಡಿದವನ ಕಣ್ಣುಗಳೇ ಎರಡು ವರ್ಷಗಳ ಮೇಲೆ ದುಡಿತವನ್ನು ಕಂಡು ನಗುತ್ತವೆ.

ಪಶ್ಚಿಮದೇಶದಲ್ಲಿಯೂ ಈ ವಿನೋದವು ಬಹಳವಾಗಿದೆ. ೧೯೬೬ರಿಂದ ೧೯೬೯ರ ವರೆಗೆ ಅಮೆರಿಕೆಯಲ್ಲಿ ಪ್ರಸಾರವಾದ 'ಸ್ಟಾರ್ ಟ್ರೆಕ್' ಎಂಬ ಆಕಾಶಯಾನದ ಧಾರಾವಾಹಿಯಲ್ಲಿ ನೌಕೆಯ ವೈದ್ಯನಾಗಿದ್ದ ಡಿಫಾರೆಸ್ಟ್ ಕೆಲಿ ಎಂಬ ನಟನನ್ನು ಅಲ್ಲಿನವರು ಹಳೆಯ ಕೌಬಾಯ್ ಚಿತ್ರಗಳಲ್ಲಿ ಹುಡುಕಿ ಹುಡುಕಿ ಗುರುತಿಸುತ್ತಾರೆ. ೧೮೮೧ರಲ್ಲಿ ಅರಿಜೋನ ಪ್ರಾಂತದ ಟೂಮ್‌ಸ್ಟೋನ್ ಎಂಬಲ್ಲಿ ಎರಡು ಬಣಗಳ ನಡುವೆ ಗುಂಡಿನ ಕಾಳಗ ನಡೆಯಿತು. ಆ ಘಟನೆಯನ್ನು ಕುರಿತ ೧೯೫೭ರ ಚಲಚ್ಚಿತ್ರದಲ್ಲಿ ಕೆಲಿಯು ಗೆದ್ದ ಬಣದ ಮಾರ್ಗನ್ ಅರ್ಪ್ ಆಗಿದ್ದನು. ಹನ್ನೊಂದು ವರ್ಷಗಳ ಮೇಲೆ 'ಸ್ಟಾರ್ ಟ್ರೆಕ್'ನ ಒಂದು ಕಂತಿನಲ್ಲಿ, ಅನ್ಯಲೋಕದವರು ಆಕಾಶನೌಕೆಯವರನ್ನು ಅದೇ ಕಾಳಗದೊಳಕ್ಕೆ ಸೋಲುವ ಬಣವಾಗಿ ನೂಕುತ್ತಾರೆ. ಈ ಸಲ ಕೆಲಿಯು ಕೋವಿಯ ಇನ್ನೊಂದು ತುದಿಯಲ್ಲಿ ನಿಲ್ಲಬೇಕಾಯಿತು.

ಇಲ್ಲಿ ರಸಿಕರ ಕಡೆಯಿಂದ ಒಂದು ಆಕ್ಷೇಪವು ಬರಬಹುದು. ನಾಟ್ಯವನ್ನು ನೋಡುವಾಗ ನಟನನ್ನು ಗುರುತಿಸುವುದೇ ರಸಕ್ಕೆ ವಿಘ್ನವಲ್ಲವೇ? ಕಿರೀಟಾದಿ ವೇಷಗಳಿಂದ 'ಇವನು ನಟನು' ಎಂಬ ಬುದ್ಧಿಯು ಮುಚ್ಚಿಹೋದಾಗಲೇ ರಸಕ್ಕೆ ಎಡೆಯೆಂದು ಅಭಿನವಗುಪ್ತಾಚಾರ್ಯರು ವಿವರಿಸಿದ್ದಾರೆ. ಹೀಗಿರಲಾಗಿ ನಡುವೆ ಬಾಯಿಹಾಕಿ "ಇವನು ಇಂಥವನು" ಎಂದು ಕೂಗುವವನು ಆ ಮುಸುಕನ್ನು ಹರಿದುಹಾಕಿದಂತಾಗಲಿಲ್ಲವೇ? ಆಕ್ಷೇಪವು ಲಘುವಾದುದಲ್ಲ. ಪಕ್ಕದಲ್ಲಿ ಕುಳಿತು ಇಡೀ ಚಿತ್ರದುದ್ದಕ್ಕೂ ನಾಮಾವಳಿಯನ್ನು ಪಠಿಸುವವರ ಕಾಟವನ್ನು ಅನುಭವಿಸಿದವರೆಲ್ಲರೂ ಇದಕ್ಕೆ ತಲೆದೂಗುವರು.

ಆದರೆ ಅಭಿನವಗುಪ್ತರಿಗಿಂತ ಮುಂಚಿನವನಾದ ಶ್ರೀಶಂಕುಕನೆಂಬ ಕಾಶ್ಮೀರದ ಪಂಡಿತನು ಹೇಳಿದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ನಾವು 'ಕುದುರೆ' ಎನ್ನುತ್ತೇವೆ. ಅದು ನಿಜವಾದ ಕುದುರೆಯೆಂಬ ಜ್ಞಾನವಲ್ಲ. ಕುದುರೆಯಲ್ಲದ್ದನ್ನು ಕುದುರೆಯೆಂದು ಬಗೆದ ಭ್ರಾಂತಿಯೂ ಅಲ್ಲ. ಹೌದೋ ಅಲ್ಲವೋ ಎಂಬ ಸಂಶಯವೂ ಅಲ್ಲ. ಕುದುರೆಯಂತಿದೆ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಅರಿವು ಅದು. ರಾಮನ ಪಾತ್ರದ ನಟನಲ್ಲಿ ನಮಗಾಗುವ ರಾಮಬುದ್ಧಿಯೂ ಅಂಥದೇ ಎಂದು ಅವನ ಮತ. ರಸದ ವಿಷಯದಲ್ಲಿ ಅವನು ಮುಂದೆ ಕಟ್ಟಿದ ಸಿದ್ಧಾಂತವನ್ನು ಅಭಿನವಗುಪ್ತರು ಖಂಡಿಸಿದರೂ ಚಿತ್ರತುರಗದ ಈ ದೃಷ್ಟಾಂತವು ಉಳಿದುಕೊಂಡಿತು. ಬಣ್ಣವು ಬಣ್ಣವೆಂದು ಬಲ್ಲವನೇ ಚಿತ್ರದ ಕುದುರೆಯನ್ನು ಸರಿಯಾಗಿ ಸವಿಯುತ್ತಾನೆ. ತಿಳಿಯದವನು ಅದಕ್ಕೆ ಹುಲ್ಲು ಹಾಕಲು ಹೋಗುತ್ತಾನೆ.

ಶಾಸ್ತ್ರವನ್ನು ಬಿಟ್ಟು ನಮ್ಮ ಜಿಲ್ಲೆಯ ಅನುಭವವನ್ನೇ ತೆಗೆದುಕೊಳ್ಳೋಣ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರ ಹಾಡಿನ ಬೆನ್ನಿಗೆ, ಪಂಚೆ ಶಾಲುಗಳನ್ನು ಧರಿಸಿ ಕುಳಿತ ಒಬ್ಬ ಗೃಹಸ್ಥನು 'ನಾನು ಕೃಷ್ಣ' ಎಂದು ಮಾತು ಎತ್ತುತ್ತಾನೆ. ಅವನ ಮನೆ ಯಾವುದು, ವೃತ್ತಿ ಯಾವುದು ಎಂಬುದು ಸಭೆಗೆಲ್ಲ ಗೊತ್ತು. ಹೋದ ವಾರ ಇವನೇ ಕೌರವನಾಗಿ ಕೃಷ್ಣನನ್ನು ಕಟ್ಟಿಹಾಕೆಂದು ಗರ್ಜಿಸಿದುದೂ ಗೊತ್ತು. ಆದರೂ ಸಂಧಾನಕ್ಕೆ ಹೊರಟ ಕೃಷ್ಣನು ದ್ರೌಪದಿಯ ಮುಡಿಯನ್ನು ನೋಡುವಾಗ ಸಭೆಯಲ್ಲಿ ಕಣ್ಣೊರಸಿಕೊಳ್ಳುವವರು ಇಲ್ಲದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ರಾವಣನ ಅರ್ಥವನ್ನು ಹೇಳಿದುದನ್ನೂ, ಮುಲ್ಕಿಯ ಬಪ್ಪನಾಡು ಕ್ಷೇತ್ರದ ಪ್ರಸಂಗದಲ್ಲಿ ಬಪ್ಪಬ್ಯಾರಿಯೆಂಬ ಮುಸಲ್ಮಾನ ವರ್ತಕನಾಗಿ ಮಾತನಾಡಿದುದನ್ನೂ ಕೇಳಿದ ನಮ್ಮ ಕಡೆಯ ಜನರು, 'ಇವರು ಅವರೇ' ಎಂದು ಬಲ್ಲುದರಿಂದ ಒಂದು ಹನಿ ರಸವನ್ನೂ ಕಳೆದುಕೊಳ್ಳಲಿಲ್ಲ. ಬಲ್ಲುದರಿಂದಲೇ ಅವರಿಗೆ ಕಲೆಯ ಎತ್ತರವು ಅಳತೆಗೆ ಸಿಕ್ಕಿತು. ಒಂದೇ ಪಾತ್ರದಲ್ಲಿ ನಟನನ್ನು ಕಂಡವನು, ಅವನು ಸ್ವಭಾವದಿಂದಲೇ ಹಾಗಿರುವನೆಂದು ತಿಳಿಯಲೂಬಹುದು. ಎರಡನೆಯ ಪಾತ್ರದಲ್ಲಿ ಗುರುತಿಸಿದಾಗಲೇ, ಮೊದಲಿನದು ಅವನು ದುಡಿದು ಕಟ್ಟಿದ್ದೆಂದು ತಿಳಿಯುತ್ತದೆ. ಗುರುತು ಹಿಡಿಯುವುದು ರಸಾನುಭವದ ಮೊದಲಿಗೋ ಕೊನೆಗೋ ಸಲ್ಲತಕ್ಕ ಕ್ರಿಯೆ. ನಡುವೆ ಬಂದರೆ ಮಾತ್ರ ವಿಘ್ನ. ಒಳ್ಳೆಯ ನಟನಾದರೆ ನಾವು ಗುರುತಿಸಿದ ಮರುಗಳಿಗೆಯಲ್ಲಿಯೇ ಅದನ್ನು ಮರೆಯಿಸುತ್ತಾನೆ.

ಇನ್ನು ಈ ಗುರುತಿನ ಒಳಗುಟ್ಟನ್ನು ನೋಡೋಣ. ವೇದಾಂತವನ್ನು ಓದಿದವರಿಗೆಲ್ಲ ದೇವದತ್ತನ ಪರಿಚಯವುಂಟು. ಹಿಂದೆಂದೋ ಒಂದೂರಿನಲ್ಲಿ ಕಂಡಿದ್ದ ದೇವದತ್ತನನ್ನು ಇಂದು ಇಲ್ಲಿ ಕಂಡು 'ಇವನೇ ಆ ದೇವದತ್ತ' ಎನ್ನುತ್ತೇವೆ. ಆ ಕಾಲ ಬೇರೆ, ಈ ಕಾಲ ಬೇರೆ. ಆ ಊರು ಬೇರೆ, ಈ ಊರು ಬೇರೆ. ಅಂದಿನ ಎಳೆಯ ಮೈ ಇಂದಿಲ್ಲ. ಅಂದಿನ ಅಂಗಿಯೂ ಇಲ್ಲ. ಇಷ್ಟು ಭೇದಗಳನ್ನು ಇಟ್ಟುಕೊಂಡು ಇಬ್ಬರೂ ಒಬ್ಬನೆಂದು ಹೇಳುವುದು ಹೇಗೆ? ಅಂದು ಅಲ್ಲಿ ಎಂಬುದನ್ನೂ ಇಂದು ಇಲ್ಲಿ ಎಂಬುದನ್ನೂ ಬದಿಗಿರಿಸಿ, ಎರಡರಲ್ಲಿಯೂ ನಡೆದುಬಂದ ಮನುಷ್ಯನನ್ನಷ್ಟೆ ಎತ್ತಿಕೊಂಡಾಗ ಆ ವಾಕ್ಯವು ಅರ್ಥವತ್ತಾಗುತ್ತದೆ ಎಂದು ನಮ್ಮ ಗುರುಗಳು ಪಾಠ ಹೇಳುತ್ತಿದ್ದರು. ಜೀವ ಬ್ರಹ್ಮರ ಐಕ್ಯವನ್ನು ತಿಳಿಸುವುದಕ್ಕಾಗಿ ಹುಟ್ಟಿದ ಈ ದೃಷ್ಟಾಂತವು ಮನೆಯ ಜಗಲಿಯ ವ್ಯವಹಾರಕ್ಕೂ ಸಲ್ಲುತ್ತದೆ. ಗುರುತಿಸುವುದೆಂದರೆ ಕೂಡಿಸುವುದು ಮಾತ್ರವಲ್ಲ, ಕೆಲವನ್ನು ಬಿಡುವುದೂ ಅಹುದು. ಪ್ರಾಣೇಶಾಚಾರ್ಯನನ್ನೂ ಪಶುವೈದ್ಯನನ್ನೂ ಬಾಲಕನ ತಂದೆಯನ್ನೂ ಬಿಟ್ಟಾಗ ಕಾರ್ನಾಡರು ಸಿಕ್ಕುತ್ತಾರೆ. ಯಾವುದಾದರೊಂದನ್ನು ಬಿಡಲೊಲ್ಲದವನಿಗೆ ಅವರು ಸಿಕ್ಕುವುದಿಲ್ಲ. ಪಾತ್ರ ಮಾತ್ರ ಸಿಕ್ಕುತ್ತದೆ.

ಬಿಡಲೊಲ್ಲದವರ ಸಂಖ್ಯೆ ಕಡಿಮೆಯದಲ್ಲ. ರಾಮಾನಂದ ಸಾಗರರ 'ರಾಮಾಯಣ'ವು ೧೯೮೭ರಲ್ಲಿ ಪ್ರಸಾರವಾಗತೊಡಗಿದಾಗ ರಾಮನ ಪಾತ್ರಧಾರಿಯನ್ನು ಕಂಡಲ್ಲಿ ಜನರು ಕಾಲಿಗೆ ಬೀಳುತ್ತಿದ್ದರು. ೧೯೯೧ರ ಲೋಕಸಭೆಯ ಚುನಾವಣೆಯಲ್ಲಿ ಸೀತೆಯ ಪಾತ್ರ ಮಾಡಿದ ದೀಪಿಕಾ ಚಿಖಲಿಯಾ ಬರೋಡದಿಂದಲೂ, ರಾವಣನ ಪಾತ್ರ ಮಾಡಿದ ಅರವಿಂದ ತ್ರಿವೇದಿ ಸಾಬರಕಾಂಠದಿಂದಲೂ, ಒಂದೇ ಪಕ್ಷದ ಅಭ್ಯರ್ಥಿಗಳಾಗಿ ಗೆದ್ದು ಒಂದೇ ಸಭೆಯಲ್ಲಿ ಕುಳಿತರು. ಸೀತೆಗೆ ಮತ ಕೊಟ್ಟ ರಾಜ್ಯವೇ ರಾವಣನಿಗೂ ಕೊಟ್ಟಿತಲ್ಲ ಎಂದು ನಗಬಹುದು. ಆದರೆ ಮತದಾರರು ಪಾತ್ರಗಳ ಗುಣದೋಷಗಳನ್ನು ತೂಗಿರಲಾರರು. ಪರಿಚಿತವಾದ ಮುಖವನ್ನು ಕಂಡು ಸಂತೋಷಪಟ್ಟಿರಬೇಕು. ಪರಿಚಯವೇ ಯೋಗ್ಯತೆಯೆಂದು ತೋರುವುದು ಗುರುತಿನ ಒಂದು ಮೋಸ.

ಇದರ ಇನ್ನೊಂದು ಬದಿಯು ನಟನ ನೋವು. 'ಸ್ಟಾರ್ ಟ್ರೆಕ್'ನಲ್ಲಿ ಸ್ಪಾಕ್ ಎಂಬ, ಚೂಪುಗಿವಿಯ, ಭಾವಾವೇಶವಿಲ್ಲದ, ಅರ್ಧ ಮಾನವನಾದ ಅನ್ಯಲೋಕದವನ ಪಾತ್ರವನ್ನು ಲಿಯೊನಾರ್ಡ್ ನಿಮಾಯ್ ವಹಿಸಿದ್ದನು. ಅದಕ್ಕೆ ಮುಂಚೆ ಎಷ್ಟೋ ವರ್ಷ ಚಿಕ್ಕಪುಟ್ಟ ಪಾತ್ರಗಳಲ್ಲಿ ಅಲೆದವನು; ಆಕಾಶನೌಕೆಯ ನಾಯಕನಾದ ವಿಲಿಯಂ ಶ್ಯಾಟ್ನರನೊಡನೆ ೧೯೬೪ರಲ್ಲಿಯೇ ಬೇರೊಂದು ಧಾರಾವಾಹಿಯ ಒಂದೇ ಕಂತಿನಲ್ಲಿ ನಟಿಸಿದವನು. ಸ್ಪಾಕ್ ಪಾತ್ರದಿಂದ ಹೆಸರೂ ಅನ್ನವೂ ದೊರೆತುವು. ಆದರೆ ಲೋಕವು ಅವನನ್ನು ಬೇರಾವ ಹೆಸರಿನಿಂದಲೂ ಕರೆಯಲು ಒಪ್ಪಲಿಲ್ಲ. ೧೯೭೫ರಲ್ಲಿ ಅವನು ತನ್ನ ಆತ್ಮಕಥನಕ್ಕೆ 'ನಾನು ಸ್ಪಾಕ್ ಅಲ್ಲ' ಎಂದು ಹೆಸರಿಟ್ಟನು. ಅಭಿಮಾನಿಗಳು ನೊಂದುಕೊಂಡರು. ಇಪ್ಪತ್ತು ವರ್ಷಗಳ ಮೇಲೆ, ೧೯೯೫ರಲ್ಲಿ, ಅವನು ಬರೆದ ಎರಡನೆಯ ಗ್ರಂಥದ ಹೆಸರು 'ನಾನು ಸ್ಪಾಕ್'. ಪಾಠಶಾಲೆಯಲ್ಲಿ ನಿಷೇಧಮುಖದಿಂದಲೂ ವಿಧಿಮುಖದಿಂದಲೂ ಆತ್ಮವಿಚಾರವನ್ನು ಕಲಿತವರಿಗೆ ಈ ಎರಡು ಹೆಸರುಗಳು ಎದುರುಬದುರಾಗಿ ತೋರಲಾರವು. 'ಅದಷ್ಟೇ ನಾನಲ್ಲ' ಎಂದು ಮೊದಲು ಬಿಡಿಸಿಕೊಂಡವನಿಗೆ ಮಾತ್ರ, ಆ ಬಳಿಕ 'ಅದೂ ನಾನೇ' ಎಂದು ಪ್ರೀತಿಯಿಂದ ಒಪ್ಪಿಕೊಳ್ಳುವ ಬಿಡುವು ಸಿಕ್ಕುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಮಹಾಭಾರತದಲ್ಲಿ ವೇಷ ಮರೆಸಿಕೊಂಡವರನ್ನು ಹುಡುಕಿ ಗುರುತಿಸುವ ಕಥೆಗಳು ಎರಡುಂಟು. ಒಂದು ವನಪರ್ವದ ನಳೋಪಾಖ್ಯಾನ, ಇನ್ನೊಂದು ವಿರಾಟಪರ್ವ. ಕಾರ್ಕೋಟಕನ ಕಡಿತದಿಂದ ರೂಪಗೆಟ್ಟು ಬಾಹುಕನೆಂಬ ಸಾರಥಿಯಾಗಿದ್ದ ನಳನನ್ನು ದಮಯಂತಿಯು ಹುಡುಕಿಸಿದಳು. ಮುಖವು ಸಹಾಯಕ್ಕೆ ಬರಲಿಲ್ಲ. ಅವನು ಕುದುರೆಗಳನ್ನು ಓಡಿಸಿದ ರಥದ ಧ್ವನಿಯನ್ನು ಕೇಳಿ, ಅವನು ಬೇಯಿಸಿದ ಅಡಿಗೆಯನ್ನು ತರಿಸಿ ರುಚಿನೋಡಿ, ಮಕ್ಕಳನ್ನು ಕಂಡಾಗ ಅವನಿಗೆ ಬಂದ ಕಣ್ಣೀರಿನ ಸುದ್ದಿಯನ್ನು ಸಖಿಯಿಂದ ತಿಳಿದು, ಆ ಕುರೂಪಿಯೇ ತನ್ನ ಪತಿಯೆಂದು ನಿಶ್ಚಯಿಸಿದಳು. ಇತ್ತ ಅಜ್ಞಾತವಾಸದಲ್ಲಿದ್ದ ಪಾಂಡವರನ್ನು ದುರ್ಯೋಧನನೂ ಹುಡುಕಿಸಿದನು. ಕಂಕ, ವಲಲ, ಬೃಹನ್ನಳೆಯರ ವೇಷದೊಳಗೆ ಯಾರಿದ್ದಾರೆಂದು ತಿಳಿಯುವ ಆತುರವು ಅವನಿಗೆ ದಮಯಂತಿಗಿಂತ ಕಡಿಮೆಯದಾಗಿರಲಿಲ್ಲ. ಗುರುತು ಸಿಕ್ಕಿದರೆ ಅವರನ್ನು ಇನ್ನೂ ಹನ್ನೆರಡು ವರ್ಷ ಕಾಡಿಗೆ ಅಟ್ಟಬಹುದೆಂಬುದೇ ಆ ಆತುರಕ್ಕೆ ಕಾರಣ.

ಇಬ್ಬರೂ ಮಾಡಲು ಹೊರಟ ಕೆಲಸ ಒಂದೇ. ವೇಷದ ಹಿಂದಿರುವವನು ಯಾರೆಂದು ತಿಳಿಯುವುದು. ಆದರೆ ಒಬ್ಬಳು ತಿಳಿದುದು ಅವನನ್ನು ವೇಷದಿಂದ ಬಿಡಿಸಿ ಮನೆಗೆ ಕರೆದುಕೊಳ್ಳಲಿಕ್ಕೆ. ಇನ್ನೊಬ್ಬನು ತಿಳಿಯಬಯಸಿದುದು ಹಳೆಯ ಪಣದ ಹಗ್ಗದಿಂದ ಮತ್ತೆ ಕಟ್ಟಲಿಕ್ಕೆ. ಗುರುತಿಸುವುದರ ಧರ್ಮಾಧರ್ಮಗಳು ಕಣ್ಣಿನ ಚುರುಕಿನಲ್ಲಿ ಇಲ್ಲ, ಗುರುತಿಸಿದ ಮೇಲೆ ನಾವೇನು ಮಾಡುತ್ತೇವೆಂಬುದರಲ್ಲಿ ಇವೆ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ನಟರ ವಿಷಯದಲ್ಲಿ ಇದು ವಿನೋದದ ಮಟ್ಟದಲ್ಲಿ ನಿಂತರೂ, ಸಂಸಾರದಲ್ಲಿ ಇದರಿಂದ ಮನಸ್ಸುಗಳು ಒಡೆಯುತ್ತವೆ. ನಲವತ್ತು ವರ್ಷ ತರಗತಿಗಳಲ್ಲಿ ನಿಂತ ನಮ್ಮ ವೃತ್ತಿಯವರಿಗೆ ಇದರ ಅನುಭವವು ಹೆಚ್ಚು. ಮಂಗಳೂರಿನಂಥ ಊರಿನಲ್ಲಿ, ಮದುವೆಯ ಮನೆಯಲ್ಲಿಯೋ ರಥಬೀದಿಯ ಜನಸಂದಣಿಯಲ್ಲಿಯೋ ಹಳೆಯ ಶಿಷ್ಯನೊಬ್ಬನು ಎದುರಾಗುತ್ತಾನೆ. ಮುಂಬಯಿಯಲ್ಲಿಯೋ ಕೊಲ್ಲಿಯ ನಾಡಿನಲ್ಲಿಯೋ ದುಡಿದು ಬಂದವನು, ಹೆಂಡತಿಯನ್ನೂ ಬೆಳೆದ ಮಕ್ಕಳನ್ನೂ ಜತೆಗೆ ಕರೆತಂದವನು, "ಮಾಸ್ಟ್ರೇ, ಗುರ್ತ ಸಿಕ್ಕಿತಾ?" ಎಂದು ನಮಸ್ಕರಿಸುತ್ತಾನೆ. ಆಗ ಕೆಲವರು ಮಾಸ್ತರರು, "ಸಿಕ್ಕದೆ ಏನು? ಆರನೆಯ ತರಗತಿಯಲ್ಲಿ ಎರಡು ವರ್ಷ ಕುಳಿತವನಲ್ಲವೇ ನೀನು? ರಾಮಶಬ್ದದ ತೃತೀಯಾ ವಿಭಕ್ತಿಗೆ ಬಂದರೆ ಸಾಕು, ನಿನ್ನ ಬಾಯಿ ಕಟ್ಟುತ್ತಿತ್ತು" ಎಂದು ನಗುತ್ತಾರೆ. ಸುತ್ತಲಿನವರೂ ನಗುತ್ತಾರೆ. ಮಕ್ಕಳು ತಂದೆಯ ಮುಖವನ್ನು ನೋಡುತ್ತಾರೆ. ಮಾಸ್ತರರ ನೆನಪು ನಿಜ, ಗುರುತೂ ಸರಿ. ಆದರೂ ಅದು ದಮಯಂತಿಯ ಗುರುತಲ್ಲ. ಮೂವತ್ತು ವರ್ಷಗಳಲ್ಲಿ ಅವನು ವಹಿಸಿದ ಪಾತ್ರಗಳೆಲ್ಲವನ್ನೂ ಅಳಿಸಿ, ಅವನು ಕಳಚಿ ಇಟ್ಟುಬಂದಿದ್ದ ಒಂದೇ ವೇಷವನ್ನು ಮಕ್ಕಳೆದುರಿಗೆ ಮತ್ತೆ ತೊಡಿಸಿದಂತಾಯಿತು. ಅದೇ ಮಾಸ್ತರರು, "ನೀನು ಕೊನೆಯ ಬೆಂಚಿನಲ್ಲಿ ಕುಳಿತು ಮುರಿದ ಗಡಿಯಾರಗಳನ್ನು ಬಿಚ್ಚುತ್ತಿದ್ದೆಯಲ್ಲ, ಈಗ ಏನು ಕೆಲಸ?" ಎಂದು ಕೇಳಬಹುದಾಗಿತ್ತು. ನೆನಪು ಅಷ್ಟೇ ನಿಜವಾಗಿರುತ್ತಿತ್ತು; ಇಂದಿನವರೆಗೆ ನಡೆದುಬಂದ ಮನುಷ್ಯನಿಗೂ ಅದರಲ್ಲಿ ಎಡೆಯಿರುತ್ತಿತ್ತು.

ಇಲ್ಲಿ ವಿಚಾರಶೀಲರಾದ ವಾಚಕರು ಒಂದು ಪ್ರಶ್ನೆಯನ್ನು ಕೇಳದಿರಲಾರರು. "ನಟನು ಆಡಿದ್ದು ಪಾತ್ರ, ಕಳಚಿದರೆ ಹೋಯಿತು. ಆದರೆ ಮನುಷ್ಯನು ಮಾಡಿದ್ದು ಕರ್ಮ, ಅದು ವೇಷವಲ್ಲ. ಸಾಲ ತೆಗೆದು ಊರು ಬಿಟ್ಟವನು ಹತ್ತು ವರ್ಷಗಳ ಮೇಲೆ ಹೊಸ ಹೆಸರಿನಿಂದ ಬಂದರೆ, 'ಇವನೇ ಅವನು' ಎನ್ನುವುದು ಅನ್ಯಾಯವೇ?" ಎಂದು. ಪ್ರಶ್ನೆಯು ಯುಕ್ತವಾದುದು. ನಾಟ್ಯದ ಹೋಲಿಕೆಯನ್ನು ಎಲ್ಲೆಯಿಲ್ಲದೆ ಎಳೆದರೆ ಕಳ್ಳನೂ 'ಅದು ನನ್ನ ಹಿಂದಿನ ಪಾತ್ರ' ಎಂದು ಹೇಳಿಕೊಂಡು ತಪ್ಪಿಸಿಕೊಂಡಾನು. ರಾವಣನ ವೇಷಧಾರಿಗೆ ಸೀತಾಪಹರಣದ ಪಾಪವಿಲ್ಲ. ಆದರೆ ಪರರ ಹಣವನ್ನು ಅಪಹರಿಸಿದವನಿಗೆ ಆ ಪಾಪವಿದ್ದೇ ಇದೆ. ಸಾಲಗಾರನನ್ನು ಗುರುತಿಸುವುದು, ಮೋಸಹೋದವರ ಪರವಾಗಿ 'ಇವನೇ ಅವನು' ಎಂದು ನ್ಯಾಯಸ್ಥಾನದಲ್ಲಿ ಹೇಳುವುದು ಧರ್ಮವೇ ಸರಿ. ಅಲ್ಲಿ ಸುಮ್ಮನಿರುವುದೇ ದೋಷ. ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗುರುತಿಸದೆ ಹೋದುದು ಎಂಥ ಅನರ್ಥವಾಯಿತೆಂಬುದನ್ನು ಕಾಳಿದಾಸನ ನಾಟಕವನ್ನು ಓದಿದವರು ಬಲ್ಲರು. ಶಾಪದ ನೆವವಿದ್ದರೂ ಆ ಮರೆವು ಒಬ್ಬಳ ಬಾಳನ್ನು ಬೀದಿಗೆ ನೂಕಿತು.

ಆದರೆ ಸಾಲಕ್ಕೆ ತೀರುವೆಯೆಂಬುದೊಂದಿದೆ. ಹದಿನೆಂಟನೆಯ ವಯಸ್ಸಿನಲ್ಲಿ ಕದ್ದು ಶಿಕ್ಷೆಯನ್ನು ಅನುಭವಿಸಿದವನು ನಲವತ್ತನೆಯ ವಯಸ್ಸಿನಲ್ಲಿ ಅಂಗಡಿಯಿಟ್ಟು, ತೂಕದಲ್ಲಿ ಮೋಸಮಾಡದೆ ಬದುಕುತ್ತಿರುವಾಗ, ಅವನ ಮಗಳ ಮದುವೆಯ ಮಾತುಕತೆಯ ದಿನ ಜಗಲಿಗೆ ಬಂದು 'ಇವನು ಯಾರು ಗೊತ್ತೇ?' ಎಂದು ಪಿಸುಗುಟ್ಟುವವನು ಯಾವ ಸಾಲವನ್ನು ವಸೂಲುಮಾಡಲು ಬಂದವನು? ಪಾಂಡವರು ಕರಾರಿನಂತೆ ಕಾಡಿನಲ್ಲಿ ಹನ್ನೆರಡು ವರ್ಷವನ್ನು ಕಳೆದು ಬಂದಿದ್ದರು. ಹದಿಮೂರನೆಯ ವರ್ಷದ ಕಡೆಯ ದಿನಗಳಲ್ಲಿ ಅವರನ್ನು ಹುಡುಕಿಸಿದವನಿಗೆ ಬೇಕಾಗಿದ್ದುದು ಕರಾರಿನ ಪಾಲನೆಯಲ್ಲ. ಅವರು ಎಂದೆಂದಿಗೂ ಸೋತವರಾಗಿಯೇ ಇರಬೇಕೆಂಬ ಬಯಕೆ. ತೀರದ ಋಣಕ್ಕಾಗಿ ಗುರುತಿಸುವುದು ನ್ಯಾಯ. ತೀರಿದ ಋಣವನ್ನು ಹಣೆಯ ಮೇಲೆ ಉಳಿಸಲು ಗುರುತಿಸುವುದು ಹಿಂಸೆ. ಈ ಎರಡರ ನಡುವಿನ ಗೆರೆಯನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಹೊಸದಾಗಿಯೇ ಎಳೆಯಬೇಕು. ಅದಕ್ಕೆ ಸಿದ್ಧವಾದ ಸೂತ್ರವನ್ನು ಯಾವ ಶಾಸ್ತ್ರಕಾರನೂ ಬರೆದಿಟ್ಟಿಲ್ಲ.

ತನ್ನ ವೇಷವನ್ನು ತಾನೇ ಬಿಡಲಾರದವರ ಪಾಡೂ ಉಂಟು. ಬಯಲಾಟವು ಮುಗಿದು ಬೆಳಕು ಹರಿಯುವಾಗ ವೇಷಧಾರಿಗಳು ಚೌಕಿಗೆ ಬಂದು ಕಿರೀಟವನ್ನು ಇಳಿಸಿ, ತೆಂಗಿನೆಣ್ಣೆಯಿಂದ ಮುಖದ ಬಣ್ಣವನ್ನು ತಿಕ್ಕಿ ತೆಗೆಯುತ್ತಾರೆ. ರಾತ್ರಿಯಿಡೀ ದೇವೇಂದ್ರನಾಗಿದ್ದವನು ಅರ್ಧ ಗಂಟೆಯಲ್ಲಿ ಬಸ್ಸಿಗೆ ಕಾಯುವ ಗೃಹಸ್ಥನಾಗುತ್ತಾನೆ. ಕಚೇರಿಯಿಂದಲೋ ಶಾಲೆಯಿಂದಲೋ ನಿವೃತ್ತರಾದ ನಮ್ಮಲ್ಲಿ ಎಷ್ಟು ಮಂದಿಗೆ ಆ ಎಣ್ಣೆ ದೊರೆತಿದೆ? ಮನೆಯ ಊಟದ ಮಣೆಯ ಮೇಲೆಯೂ ಅಧಿಕಾರಿಯಾಗಿ, ಮೊಮ್ಮಕ್ಕಳ ನಡುವೆಯೂ ಮುಖ್ಯೋಪಾಧ್ಯಾಯನಾಗಿ ಕುಳಿತವನನ್ನು ಬಂಧಿಸಿದವರು ಬೇರೆ ಯಾರೂ ಇಲ್ಲ. ರಸವನ್ನು ವ್ಯಾಖ್ಯಾನಿಸಿದ ಅಭಿನವಗುಪ್ತರೇ ಪ್ರತ್ಯಭಿಜ್ಞಾದರ್ಶನಕ್ಕೂ ವ್ಯಾಖ್ಯಾನವನ್ನು ಬರೆದರೆಂಬುದು ಸ್ಮರಣೀಯ. ಮರೆತಿದ್ದ ತನ್ನ ನಿಜಸ್ವರೂಪವನ್ನು ತಾನೇ ಗುರುತಿಸಿಕೊಳ್ಳುವುದೇ ಬಿಡುಗಡೆಯೆಂಬುದು ಆ ದರ್ಶನದ ಸಾರ. ಪರ್ವತದಂಥ ಆ ತತ್ತ್ವವನ್ನು ಏರಲಾರದ ನಮಗೆ ಅದರ ತಪ್ಪಲಿನ ಪಾಠವಾದರೂ ಸಾಕು. ನಾನು ವಹಿಸಿದ ಯಾವ ಪಾತ್ರವೂ ನನ್ನ ಅಳತೆಯಲ್ಲ ಎಂದು ತಿಳಿದವನಿಗೆ ಇತರರನ್ನೂ ಹಾಗೆಯೇ ನೋಡುವುದು ಸುಲಭವಾಗುತ್ತದೆ.

ಆದುದರಿಂದ ಮನೆಯ ಮಕ್ಕಳು ಹಳೆಯ ಚಿತ್ರಗಳಲ್ಲಿ ಮುಖಗಳನ್ನು ಹುಡುಕುವುದನ್ನು ಕಾಲಹರಣವೆಂದು ಗದರಿಸಲು ನನಗೆ ಮನಸ್ಸಿಲ್ಲ. ಅದನ್ನು ಸರಿಯಾಗಿ ಮಾಡಲು ಕಲಿಸಿದರೆ ಅದೊಂದು ಒಳ್ಳೆಯ ಅಭ್ಯಾಸವೇ. ನಾಯಕನ ಮುಖವನ್ನು ಗುರುತಿಸುವುದು ದೊಡ್ಡದಲ್ಲ. ಅವನ ಹಿಂದೆ ಕೊಡಪಾನ ಹಿಡಿದು ನಿಂತವಳನ್ನೂ, ಒಂದೇ ಮಾತನ್ನಾಡಿ ಹೊರಟುಹೋದ ಅಂಚೆಯವನನ್ನೂ ಇನ್ನೊಂದು ಚಿತ್ರದಲ್ಲಿ ಕಂಡು ಹೆಸರು ಕೇಳುವುದು ದೊಡ್ಡದು. ನೂರಾರು ಚಿತ್ರಗಳಿಗೆ ದುಡಿದು ಒಂದರಲ್ಲಿಯೂ ಹೆಸರು ಕಾಣದೆ ಹೋದವರಿಗೆ, ನಮ್ಮ ಆ ಒಂದು 'ಇವರೇ ಅವರು' ಎಂಬ ಮಾತು ತಡವಾಗಿ ಸಂದ ಸಂಬಳದಂತೆ. ಗುರುತಿಸಿದ ಮೇಲೆ 'ಇವರು ಇನ್ನೇನೇನು ಆಗಿದ್ದರು?' ಎಂದು ಮುಂದಿನ ಪ್ರಶ್ನೆಯನ್ನು ಕೇಳುವ ರೂಢಿಯನ್ನೂ ಮಕ್ಕಳಲ್ಲಿ ಬೆಳೆಸಬೇಕು. ತೆರೆಯ ಮೇಲಿನ ಮುಖಗಳ ವಿಷಯದಲ್ಲಿ ಈ ಪ್ರಶ್ನೆಯು ನಾಲಗೆಗೆ ಅಭ್ಯಾಸವಾದರೆ, ನಾಳೆ ನೆರೆಮನೆಯವನ ವಿಷಯದಲ್ಲಿಯೂ, ದಾಯಾದಿಯ ವಿಷಯದಲ್ಲಿಯೂ, ಬಹುಕಾಲ ಮನೆಬಿಟ್ಟು ಹೋಗಿ ತಲೆತಗ್ಗಿಸಿಕೊಂಡು ಬಾಗಿಲಲ್ಲಿ ನಿಂತ ತಮ್ಮನ ವಿಷಯದಲ್ಲಿಯೂ ಅದನ್ನು ಕೇಳುವುದು ಕಷ್ಟವಾಗಲಾರದು.